ತಿಂಗಳ ಆಟಗಾರ ನಮೂನೆರಾಯರು

ಫಾರಂ ತುಂಬುವುದರಲ್ಲಿ ನಮೂನೆರಾಯರದು ಎತ್ತಿದ ಕೈ. ತಂದೆತಾಯಿ ಇಟ್ಟ ಹೆಸರು ಬೇರೆಯೇ ಇತ್ತಾದರೂ ಅದು ಈಗ ಅವರ ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ನೀರು ಸರಬರಾಜು ಕಚೇರಿಯ ಮೂರನೇ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕುಳಿತು, ಹೊಸ ನಲ್ಲಿಗೆ ಒಂದು ನಮೂನೆ, ಒಡೆದ ನಲ್ಲಿಗೆ ಇನ್ನೊಂದು ನಮೂನೆ, ನಲ್ಲಿ ಇದ್ದೂ ನೀರು ಬಾರದವರಿಗೆ ಮತ್ತೊಂದು ನಮೂನೆ ಎಂದು ಜನರ ಕೈಗೆ ಕೊಟ್ಟು ಕೊಟ್ಟು ಅವರು ನಮೂನೆರಾಯರಾಗಿದ್ದರು. ನಿವೃತ್ತರಾದ ಮೇಲೆ ಕಿಟಕಿ ಹೋಯಿತು, ಹೆಸರು ಹೋಗಲಿಲ್ಲ. ಬೀದಿಯಲ್ಲಿ ಯಾರಿಗೆ ಯಾವ ಫಾರಂ ಬಂದರೂ, ಮಗುವಿನ ಶಾಲೆಯದಿರಲಿ, ಅಜ್ಜಿಯ ಕಣ್ಣಿನ ಆಸ್ಪತ್ರೆಯದಿರಲಿ, ಅದು ಮೊದಲು ರಾಯರ ಮನೆಯ ಮೆಟ್ಟಿಲು ಹತ್ತಬೇಕು.

ಅವರು ಫಾರಂ ತುಂಬುವುದನ್ನು ನೋಡುವುದೇ ಒಂದು ಭಾಗ್ಯ. ಕನ್ನಡಕ ಹಾಕುತ್ತಿರಲಿಲ್ಲ. ಕನ್ನಡಕ ಹಾಕಿದರೆ ಅಕ್ಷರ ಕಾಣುತ್ತದೆ, ಅಕ್ಷರ ಕಂಡರೆ ಅನುಮಾನ ಹುಟ್ಟುತ್ತದೆ, ಅನುಮಾನ ಹುಟ್ಟಿದರೆ ಕೈ ನಡುಗುತ್ತದೆ ಎಂಬುದು ಅವರ ಸಿದ್ಧಾಂತ. ಪೆನ್ನಿನ ಮುಚ್ಚಳ ತೆಗೆದು, ಗಾಳಿಯಲ್ಲಿ ಎರಡು ಸುತ್ತು ತಿರುಗಿಸಿ ಮೊದಲನೇ ಕಾಲಂಗೆ ಇಳಿಸಿದರೆಂದರೆ ಕೊನೆಯ ಸಹಿಯ ತನಕ ನಿಲ್ಲುವ ಮಾತೇ ಇಲ್ಲ.

“ಒಂದ್ಸಲ ಓದಿ ನೋಡ್ಬಾರ್ದೇನ್ರೀ?” ಎಂದು ಹೆಂಡತಿ ಕೇಳಿದರೆ, “ಫಾರಂ ಇರೋದು ಓದೋಕಲ್ಲ ಕಣೇ, ತುಂಬೋಕೆ. ಒಂದನೇ ಕಾಲಂ ಅರ್ಜಿ ಹಾಕೋನ ಹೆಸರು, ಎರಡನೇದು ವಯಸ್ಸು, ಮೂರನೇದು ವಿಳಾಸ. ಲೋಕದಲ್ಲಿ ಯಾವ ಮೂಲೆಯಿಂದ ಫಾರಂ ತಂದ್ರೂ ಇಷ್ಟೇ” ಎನ್ನುತ್ತಿದ್ದರು. ಹೆಂಡತಿಗೆ ಲೋಕದ ಮೂಲೆಗಳ ಪರಿಚಯವಿರಲಿಲ್ಲವಾದ್ದರಿಂದ ಆಕೆ ಸುಮ್ಮನಾಗುತ್ತಿದ್ದರು. ಗಂಡನ ಪರಿಚಯ ಚೆನ್ನಾಗಿದ್ದದ್ದರಿಂದ ಪೂರ್ತಿ ನಂಬುತ್ತಲೂ ಇರಲಿಲ್ಲ.

ಈ ದಂಪತಿಯ ಮನೆಯಲ್ಲಿ ರಾಯರ ತಂಗಿಯ ಮಗಳು ಬೆಳೆಯುತ್ತಿದ್ದಳು. ತಂಗಿ ದೂರದ ಊರಿನ ಆಸ್ಪತ್ರೆಯಲ್ಲಿ ನರ್ಸು. ಆ ಊರಿನಲ್ಲಿ ಟೆನಿಸ್ ಕೋರ್ಟಿಲ್ಲ, ಈ ಊರಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಒಂದಿದೆ. ಆ ಒಂದು ಕಾರಣಕ್ಕೆ ಹುಡುಗಿ ಐದು ವರ್ಷದ ಹಿಂದೆ ಒಂದು ಚೀಲ ಬಟ್ಟೆ, ಒಂದು ಹಳೆಯ ರ‍್ಯಾಕೆಟ್ ಹಿಡಿದು ಮಾವನ ಮನೆಗೆ ಬಂದಿಳಿದಿದ್ದಳು. ಈಗ ಹದಿನಾರು ವರ್ಷ, ಹತ್ತನೇ ತರಗತಿ. ಎಲ್ಲವನ್ನೂ ಎಡಗೈಯಲ್ಲೇ ಮಾಡುವುದರಿಂದ ಬೀದಿಗೆಲ್ಲ ಅವಳು ಎಡಚಿ.

ಎಡಚಿ ಆ ತಿಂಗಳು ಒಂದು ಅನಾಹುತ ಮಾಡಿದ್ದಳು. ಜಿಲ್ಲಾ ಟೂರ್ನಿಗೆ ಹೋಗಿ, ಆರು ಕೋರ್ಟು, ಎರಡು ಕೋಚು, ಒಂದು ಕ್ಯಾಂಟೀನು ಇರುವ ದೊಡ್ಡ ಕ್ಲಬ್ಬಿನ ಮೂವರು ಹುಡುಗಿಯರನ್ನು ಸಾಲಾಗಿ ಸೋಲಿಸಿ ಕಪ್ಪು ತಂದಿದ್ದಳು. ಆ ಕಪ್ಪನ್ನು ರಾಯರು ಮನೆಯ ಕಿಟಕಿಯಲ್ಲಿ, ಬೀದಿಗೆ ಮುಖ ಮಾಡಿ ಇಟ್ಟಿದ್ದರು. ನೋಡದೆ ಹೋದವರನ್ನು ವಾಪಸು ಕರೆದು ತೋರಿಸುತ್ತಿದ್ದರು.

ಆದರೆ ಕಪ್ಪಿನಿಂದ ಹೊಟ್ಟೆ ತುಂಬುವ ಹುಡುಗಿಯಲ್ಲ ಅವಳು. ಅವಳಿಗೆ ಬೇಕಾಗಿದ್ದದ್ದು ದೊಡ್ಡ ಟೂರ್ನಿಯ ಪ್ರವೇಶ. ಮೂರು ವರ್ಷದಿಂದ ಟೆನಿಸ್ ಸಂಘದವರನ್ನು ಕೇಳಿದ್ದಳು, ಮೂರು ವರ್ಷವೂ ‘ಮುಂದಿನ ಸಲ ನೋಡೋಣ’ ಎಂದು ಉತ್ತರ ಬಂದಿತ್ತು. ಟ್ಯಾಂಕಿನ ಹಿಂದಿನ ಕೋರ್ಟಿನ ಮಕ್ಕಳಿಗೆ ಆ ಬಾಗಿಲು ತೆರೆದ ಉದಾಹರಣೆಯೇ ಇರಲಿಲ್ಲ.

ಹೀಗಿರುವಾಗ ಟೆನಿಸ್ ಸಂಘದವರು ಒಂದು ಪ್ರಕಟಣೆ ಹೊರಡಿಸಿದರು. ‘ತಿಂಗಳ ಆಟಗಾರ’ರನ್ನು ಅಭಿಮಾನಿಗಳೇ ಸೂಚಿಸಬೇಕು. ಹೆಚ್ಚು ಅಭಿಮಾನಿಗಳು ಸೂಚಿಸಿದ ಮೂವರಲ್ಲಿ ಒಬ್ಬರನ್ನು ಅಧ್ಯಕ್ಷರು ಆರಿಸುತ್ತಾರೆ. ಆರಿಸಿದವರಿಗೆ ದೊಡ್ಡ ಟೂರ್ನಿಗೆ ನೇರ ಪ್ರವೇಶ. ಫಾರಂಗಳನ್ನು ಸಂಘದ ಕಚೇರಿಯಲ್ಲಿ ಪಡೆಯಬಹುದು; ಝೆರಾಕ್ಸ್ ಪ್ರತಿಯೂ ನಡೆಯುತ್ತದೆ.

ಎಡಚಿ ಆ ಪ್ರಕಟಣೆಯನ್ನು ಕತ್ತರಿಸಿ ತಂದು ಮಾವನ ಮುಂದೆ ಇಟ್ಟಳು. ರಾಯರು ಅದರಲ್ಲಿ ‘ಫಾರಂ’ ಎಂಬ ಒಂದು ಪದವನ್ನು ಮಾತ್ರ ಓದಿದರು. ಅವರ ಬೆನ್ನು ನೆಟ್ಟಗಾಯಿತು.

“ಪುಟ್ಟೀ, ನೀನು ಆಡೋ ಕೆಲಸ ಮುಗಿಸಿದ್ದೀಯ. ಇನ್ನು ಮಿಕ್ಕಿದ್ದು ಆಫೀಸ್ ಕೆಲಸ. ಅದು ನನಗೆ ಬಿಡು.”

ಆಮೇಲೆ ನಡೆದದ್ದಕ್ಕೆಲ್ಲ ಈ ಒಂದು ಮಾತೇ ಮೂಲ.

ರಾಯರು ಸಂಘದ ಕಚೇರಿಯಿಂದ ಒಂದು ಫಾರಂ ತಂದರು. ಬೀದಿಯವರು ಒಬ್ಬೊಬ್ಬರೂ ಮೊದಲಿನಿಂದ ಬರೆಯುತ್ತ ಕೂತರೆ ತಪ್ಪು ಮಾಡುತ್ತಾರೆ, ಜನಕ್ಕೆ ಕಾಲಂ ಜ್ಞಾನ ಕಡಿಮೆ ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು. ಆದ್ದರಿಂದ ಮೊದಲ ಮೂರು ಕಾಲಂಗಳನ್ನು ತಾವೇ ತುಂಬಿ, ಆ ಪ್ರತಿಯನ್ನೇ ಇನ್ನೂರೈವತ್ತು ಝೆರಾಕ್ಸ್ ಮಾಡಿಸಿ ಹಂಚುವುದೆಂದು ತೀರ್ಮಾನಿಸಿದರು. ಪೆನ್ನು ಎರಡು ಸುತ್ತು ತಿರುಗಿತು. ಒಂದನೇ ಕಾಲಂ: ತಮ್ಮ ಪೂರ್ಣ ಹೆಸರು. ಎರಡನೇ ಕಾಲಂ: ಅರವತ್ತೊಂದು. ಮೂರನೇ ಕಾಲಂ: ಮನೆ ವಿಳಾಸ. ಹುಡುಗಿಯ ಪರವಾಗಿ ಅರ್ಜಿ ಹಾಕುತ್ತಿರುವವರು ತಾವು, ಅರ್ಜಿ ಹಾಕುವವನ ಹೆಸರು ಮೊದಲು. ಇದರಲ್ಲಿ ಯೋಚಿಸುವುದೇನಿದೆ?

ಆ ಒಂದನೇ ಕಾಲಂನ ಪಕ್ಕದಲ್ಲಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ, ‘ಸೂಚಿಸಲಾಗುವ ಆಟಗಾರರ ಹೆಸರು’ ಎಂದು ಅಚ್ಚಾಗಿತ್ತು. ಝೆರಾಕ್ಸ್ ಅಂಗಡಿಯ ಯಂತ್ರ ಅದನ್ನು ಇನ್ನಷ್ಟು ಮಸುಕು ಮಾಡಿ ತನ್ನ ಕೈಲಾದ ಸೇವೆ ಸಲ್ಲಿಸಿತು.

ಫಾರಂ ಹಂಚಲು ರಾಯರು ಕ್ಷೌರದಂಗಡಿಯ ಬೆಂಚನ್ನೇ ಕಚೇರಿ ಮಾಡಿಕೊಂಡರು. ಬಂದವರಿಗೆಲ್ಲ ಒಂದೇ ಪಾಠ.

“ಮೇಲಿನ ಮೂರು ಕಾಲಂ ನಾನು ತುಂಬಿದ್ದೀನಿ, ಅದರ ತಂಟೆಗೆ ಹೋಗ್ಬೇಡಿ. ನಾಲ್ಕನೇದು ಕಾರಣ. ಅದನ್ನ ನಿಮ್ಮ ನಿಮ್ಮ ಮಾತಲ್ಲಿ ಬರೀರಿ. ಎಲ್ಲಾ ಒಂದೇ ಥರ ಇದ್ರೆ ಮೇಲಿನೋರಿಗೆ ಅನುಮಾನ ಬರುತ್ತೆ. ಕೆಳಗೆ ಸಹಿ. ಮುಗೀತು.”

ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಜನ. ಬರೆದರು, ಸಹಿ ಹಾಕಿದರು. ಕ್ಷೌರದವನು ಗಿರಾಕಿಯ ಗಲ್ಲದ ಮೇಲೆ ನೊರೆ ಒಣಗುವ ತನಕ ಬರೆದ. ದರ್ಜಿ ಟೇಪನ್ನು ಕೊರಳಿಗೆ ಹಾಕಿಕೊಂಡೇ ಬಂದು ಬರೆದ. ಒಬ್ಬರು ಮಾತ್ರ ತಕರಾರು ತೆಗೆದರು. ಅವರು ನಿವೃತ್ತ ಹೆಡ್‌ಮೇಡಮ್ಮು. ಮೂವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಅಭ್ಯಾಸದಿಂದ ಅವರು ಯಾವ ಕಾಗದವನ್ನಾದರೂ ಮೂಗಿಗೆ ತಾಗಿಸಿಯೇ ಓದುತ್ತಿದ್ದರು.

“ರಾಯರೇ, ಈ ಒಂದನೇ ಕಾಲಂನಲ್ಲಿ ಏನೋ ಆಟಗಾರರ ಅಂತ…”

“ಮೇಡಂ,” ಎಂದು ರಾಯರು ಕೈ ಎತ್ತಿ ತಡೆದರು. “ನಾನು ಯಾವತ್ತಾದ್ರೂ ನಿಮ್ಮ ಕ್ಲಾಸಿಗೆ ಬಂದು ಬೋರ್ಡ್ ಮೇಲೆ ಬರ್ದಿದ್ದೀನಾ?”

“ಇಲ್ಲ.”

“ಹಾಗಾದ್ರೆ ಸಹಿ ಹಾಕಿ.”

ಹೆಡ್‌ಮೇಡಮ್ಮು ಸಹಿ ಹಾಕಿದರು. ಜೀವನದಲ್ಲಿ ಮೊದಲ ಸಲ ಒಂದು ತಪ್ಪನ್ನು ಕೆಂಪು ಗೆರೆ ಎಳೆಯದೆ ಬಿಟ್ಟೆ ಎಂದು ಆಮೇಲೆ ಅವರು ಬೀದಿಗೆಲ್ಲ ಹೇಳಿಕೊಂಡು ತಿರುಗಿದರು, ಆದರೆ ಆಗ ಹೇಳಿ ಪ್ರಯೋಜನವಿರಲಿಲ್ಲ.

ಶನಿವಾರ ಮಧ್ಯಾಹ್ನ ಇನ್ನೂರ ಹದಿನಾಲ್ಕು ಫಾರಂಗಳ ಕಟ್ಟನ್ನು ರಾಯರು ಸೈಕಲ್ಲಿನ ಕ್ಯಾರಿಯರ್‌ಗೆ ಬಿಗಿದು, ಸಂಘದ ಕಿಟಕಿಯೊಳಗೆ ದೂಡಿ ಬಂದರು. ದೊಡ್ಡ ಕ್ಲಬ್ಬಿನ ಒಬ್ಬ ಹುಡುಗನಿಗೆ ತೊಂಬತ್ತು ಫಾರಂ ಬಂದಿತ್ತಂತೆ. ಗುಮಾಸ್ತ ಕಟ್ಟು ನೋಡಿ ಬಾಯಿ ಬಿಟ್ಟ. ರಾಯರು ಮೀಸೆ ತಿರುವಿದರು.

ಮುಂದಿನ ಮಂಗಳವಾರ ಪತ್ರ ಬಂತು. ಲಕೋಟೆಯ ಮೇಲೆ ರಾಯರ ಹೆಸರು. ‘ಮಾನ್ಯರೇ, ಅಭಿನಂದನೆಗಳು. ತಿಂಗಳ ಆಟಗಾರ ಗೌರವದ ಅಂತಿಮ ಮೂವರಲ್ಲಿ ತಾವು ಮೊದಲ ಸ್ಥಾನದಲ್ಲಿದ್ದೀರಿ.’ ರಾಯರು ಅದನ್ನು ಗೇಟಿನಲ್ಲೇ ನಿಂತು, ಆಚೆ ಬೀದಿಗೂ ಕೇಳುವಂತೆ ಓದಿದರು.

“ತಾವು ಅಂತ ಯಾಕ್ರೀ ಬರ್ದಿದ್ದಾರೆ? ಆಡಿದ್ದು ಅವಳಲ್ವಾ?” ಎಂದರು ಹೆಂಡತಿ.

“ಮೈನರ್ ಕಣೇ ಅವಳು. ಸರ್ಕಾರಿ ಭಾಷೇಲಿ ಮೈನರ್‌ಗೆ ಪತ್ರ ಬರೆಯೋ ಹಾಗಿಲ್ಲ. ಪೋಷಕರಿಗೇ ಬರೀಬೇಕು, ಪೋಷಕರನ್ನೇ ಹೊಗಳಬೇಕು.”

ಟೆನಿಸ್ ಸಂಘ ಸರ್ಕಾರವಲ್ಲ ಎಂದು ಹೆಂಡತಿಗೆ ಹೊಳೆಯುವಷ್ಟರಲ್ಲಿ ಗೇಟಿನ ಮುಂದೆ ಅರ್ಧ ಬೀದಿ ನೆರೆದಿತ್ತು. ದರ್ಜಿ ಚಪ್ಪಾಳೆ ಹೊಡೆದ. ಕ್ಷೌರದವನು ಆ ದಿನ ಬಂದ ಮೊದಲ ಐದು ಜನಕ್ಕೆ ಪುಕ್ಕಟೆ ಕಟಿಂಗ್ ಎಂದು ಘೋಷಿಸಿ, ಆರನೆಯವನೊಂದಿಗೆ ಜಗಳವಾಡಿದ. ಎಡಚಿ ಮಾತ್ರ ಮಾವನ ಮುಖವನ್ನೇ ನೋಡುತ್ತ, ನಗುತ್ತ ನಿಂತಿದ್ದಳು. ಖುಷಿಗೆ ನಗುತ್ತಿದ್ದಾಳೆ ಎಂದುಕೊಂಡರು ಎಲ್ಲರೂ.

ಬುಧವಾರ ಬೆಳಿಗ್ಗೆ ಎಡಚಿ ಶಾಲೆಗೆ ಹೋದ ಮೇಲೆ ಸಂಘದ ಕಾರ್ಯದರ್ಶಿಗಳು ಮನೆಗೇ ಬಂದರು. ಜೊತೆಯಲ್ಲಿ ಪತ್ರಿಕೆಯ ಫೋಟೋಗ್ರಾಫರ್. ಕಾರ್ಯದರ್ಶಿಗಳು ತೆಳ್ಳಗಿನ, ತುಂಬ ಭಾವುಕ ಮನುಷ್ಯ. ಬಾಗಿಲಲ್ಲಿ ರಾಯರನ್ನು ನೋಡಿದ ಕೂಡಲೇ ಅವರ ಎರಡೂ ಕೈ ಹಿಡಿದುಕೊಂಡುಬಿಟ್ಟರು.

“ಇನ್ನೂರಕ್ಕೂ ಹೆಚ್ಚು ಅಭಿಮಾನಿಗಳು! ನಮ್ಮ ಸಂಘದ ಇತಿಹಾಸದಲ್ಲೇ ಇಲ್ಲ ಸಾರ್. ದಿನಾ ಅಭ್ಯಾಸ ಎಷ್ಟು ಗಂಟೆಗೆ?”

“ಬೆಳಿಗ್ಗೆ ಐದೂವರೆಗೆ ಕೋರ್ಟಲ್ಲಿರ್ತೀವಿ,” ಎಂದರು ರಾಯರು. ಹುಡುಗಿಯನ್ನು ಸೈಕಲ್ಲಿನಲ್ಲಿ ಕರೆದೊಯ್ಯುವವರು ಅವರೇ ತಾನೇ.

“ಈ ವಯಸ್ಸಲ್ಲಿ!”

“ಈ ವಯಸ್ಸಲ್ಲೇ ಮಾಡ್ಬೇಕು ಸಾರ್. ಇನ್ನು ಯಾವಾಗ ಮಾಡೋದು?”

ಕಾರ್ಯದರ್ಶಿಗಳು ಇದನ್ನು ಪುಸ್ತಕದಲ್ಲಿ ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದರು. “ಮಂಡಿ ನೋವು ಗಿಂಡಿ ನೋವು ಏನೂ ಇಲ್ವಾ?”

“ಹೋದ ವರ್ಷ ಸ್ವಲ್ಪ ಊದಿತ್ತು. ಬೆಳೆಯೋ ವಯಸ್ಸಲ್ವಾ, ತಾನೇ ಸರಿಹೋಯ್ತು.”

ಕಾರ್ಯದರ್ಶಿಗಳು ರಾಯರ ನರೆತ ತಲೆಯನ್ನು ಒಮ್ಮೆ, ಅವರ ಆತ್ಮವಿಶ್ವಾಸವನ್ನು ಒಮ್ಮೆ ನೋಡಿದರು. ಅವರ ಕಣ್ಣು ಒದ್ದೆಯಾಯಿತು.

“ಮುಂದಿನ ಗುರಿ ಏನು ಸಾರ್?”

“ಮೊದಲು ಹತ್ತನೇ ಕ್ಲಾಸ್ ಪಾಸಾಗ್ಬೇಕು. ಗಣಿತ ಸ್ವಲ್ಪ ಹಿಂದೆ.”

“ಅಂದ್ರೆ… ಓದ್ತಾ ಇರೋದೂ ಉಂಟಾ?”

“ಆಟ ಅಂತ ಓದು ಬಿಡೋಕಾಗುತ್ತಾ ಸಾರ್? ದಿನಾ ಸಾಯಂಕಾಲ ಹೆಡ್‌ಮೇಡಂ ಮನೇಗೆ ಪಾಠಕ್ಕೆ ಹೋಗೋದು.”

ಒಳಗೆ ಕಾಫಿ ಬೆರೆಸುತ್ತಿದ್ದ ಹೆಂಡತಿಗೆ ಈ ಮಾತುಕತೆಯಲ್ಲಿ ಎಲ್ಲೋ ಒಂದು ಕೀಲು ತಪ್ಪಿದೆ ಅನ್ನಿಸಿತು. ಲೋಟ ಹಿಡಿದು ಹೊರಗೆ ಬರುವಷ್ಟರಲ್ಲಿ ಫೋಟೋಗ್ರಾಫರ್ ರಾಯರ ಕೈಗೆ ಎಡಚಿಯ ರ‍್ಯಾಕೆಟ್ ಕೊಟ್ಟಾಗಿತ್ತು.

“ಪೋಷಕರ ಫೋಟೋನೂ ಬೇಕಾ?” ಎಂದರು ರಾಯರು ನಾಚಿಕೊಂಡು.

“ಸರ್ವ್ ಮಾಡೋ ಹಾಗೆ ನಿಂತ್ಕೊಳ್ಳಿ ಸಾರ್,” ಎಂದ ಫೋಟೋಗ್ರಾಫರ್. ಅವನ ಕಿವಿ ಕ್ಯಾಮೆರಾ ಹಿಂದೆ ಕೆಲಸ ಮಾಡುತ್ತಿರಲಿಲ್ಲ.

ರಾಯರು ಸೊಳ್ಳೆ ಹೊಡೆಯುವವರಂತೆ ರ‍್ಯಾಕೆಟ್ ಎತ್ತಿ, ಹೊಟ್ಟೆ ಒಳಗೆ ಎಳೆದು, ಗಂಭೀರವಾಗಿ ನಿಂತರು. ಕ್ಯಾಮೆರಾ ಮಿಂಚಿತು.

ಮರುದಿನ ಪತ್ರಿಕೆಯ ಆಟದ ಪುಟ ಕ್ಷೌರದಂಗಡಿಯಲ್ಲಿ ಬಿಚ್ಚಿಕೊಂಡಿತು. ಕ್ಷೌರದವನು ಕತ್ತರಿಯನ್ನು ಕೆಳಗಿಟ್ಟು, ಎಲ್ಲರಿಗೂ ಕೇಳುವಂತೆ ಓದಿದ.

“ಅರವತ್ತೊಂದರ ಅದ್ಭುತ! ಇಳಿವಯಸ್ಸಿನಲ್ಲೂ ಬೆಳೆಯುತ್ತಿರುವ ಮಂಡಿ! ಬೆಳಿಗ್ಗೆ ಟೆನಿಸ್, ಸಂಜೆ ಹತ್ತನೇ ತರಗತಿಯ ಗಣಿತ! ಇನ್ನೂರಕ್ಕೂ ಹೆಚ್ಚು ಅಭಿಮಾನಿಗಳ ಕಣ್ಮಣಿ…” ಇಲ್ಲಿಗೆ ಅವನ ದನಿ ನಿಂತಿತು. ಫೋಟೋವನ್ನು ನೋಡಿದ. ಅಂಗಡಿಯೊಳಗಿದ್ದ ಆರು ಜನ ಫೋಟೋವನ್ನು ನೋಡಿದರು. ಕನ್ನಡಿಯಲ್ಲಿ ಇನ್ನೂ ಆರು ಜನ ನೋಡಿದರು.

“ನಾವು ಸಹಿ ಹಾಕಿದ್ದು ಯಾರಿಗೆ?” ಎಂದ ದರ್ಜಿ ಮೆಲ್ಲಗೆ.

ಸಹಿಯಾಗದೆ ಉಳಿದಿದ್ದ ಝೆರಾಕ್ಸ್ ಒಂದನ್ನು ಹೆಡ್‌ಮೇಡಮ್ಮು ಚೀಲದಿಂದ ತೆಗೆದು ಭೂತಗನ್ನಡಿ ಹಿಡಿದು ಒಂದನೇ ಕಾಲಂ ಓದಿದರು. ಆಮೇಲೆ ಬೀದಿಯಲ್ಲಿ ಎದ್ದ ಗದ್ದಲ ವರ್ಣಿಸಲು ಸಾಧ್ಯವಿಲ್ಲ. ಅರ್ಧ ಜನ ರಾಯರ ಮೇಲೆ ಹರಿಹಾಯ್ದರು, ಇನ್ನರ್ಧ ಜನ ‘ಏನೇ ಆಗ್ಲಿ, ನಮ್ಮ ಬೀದಿಯೋರ ಫೋಟೋ ಪೇಪರಲ್ಲಿ ಬಂತಲ್ಲ’ ಎಂದು ಹೆಮ್ಮೆಪಟ್ಟರು. ದರ್ಜಿ ಮಾತ್ರ ವೃತ್ತಿಧರ್ಮ ಬಿಡದೆ, “ರಾಯರೇ, ಬಿಳಿ ಚಡ್ಡಿ ಹೊಲಿಯೋದಾದ್ರೆ ಸೊಂಟ ಎಷ್ಟು?” ಎಂದು ಟೇಪು ಬಿಚ್ಚಿದ.

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಾತಿಯವರು ರಾಯರು. ಆದರೆ ಆ ಬೆಳಿಗ್ಗೆ ಅವರ ಮೀಸೆ, ಮೂಗು, ಮುಖ ಎಲ್ಲವೂ ಮಣ್ಣಾಗಿತ್ತು. ಇಂಗು ತಿಂದ ಮಂಗನಂತೆ ಮನೆಯೊಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು. ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಎಡಚಿ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿಕೊಂಡು ನೋಡಿದಳು. ಮಂಡಿಯ ಸಾಲಿಗೆ ಬಂದಾಗ ಬಾಯಿಗೆ ಕೈ ಅಡ್ಡ ಇಟ್ಟು, ಆಮೇಲೆ ತಡೆಯಲಾಗದೆ ಬಿದ್ದು ಬಿದ್ದು ನಕ್ಕಳು.

“ನಗಬೇಡ ಪುಟ್ಟೀ,” ಎಂದರು ರಾಯರು. “ನಿನ್ನ ಟೂರ್ನಿ ಹೋಯ್ತು. ನನ್ನಿಂದ ಹೋಯ್ತು.”

“ಮುಂದಿನ ವರ್ಷ ಇದೆಯಲ್ಲ ಮಾವ.”

“ಮೂರು ವರ್ಷದಿಂದ ಇದೇ ಹೇಳ್ತಿದ್ದಾರಲ್ಲ ಆ ಜನ,” ಎಂದು ರಾಯರು ಎದ್ದು, ಸೈಕಲ್ ಹತ್ತಿ ನೇರವಾಗಿ ಸಂಘದ ಕಚೇರಿಗೆ ಹೋದರು.

ಸಂಘದ ಕಚೇರಿಯಲ್ಲಿ ಒಂದು ಕಿಟಕಿ. ಕಿಟಕಿಯ ಹಿಂದೆ ಗುಮಾಸ್ತ. ಕಿಟಕಿಯ ಈಚೆ ನಿಂತು ಮಾತಾಡುವುದು ರಾಯರಿಗೆ ಹೊಸ ಅನುಭವ. ಕುತ್ತಿಗೆ ಎಷ್ಟು ಬಗ್ಗಿಸಬೇಕೆಂದೇ ತಿಳಿಯಲಿಲ್ಲ.

“ಒಂದು ತಿದ್ದುಪಡಿ ಆಗ್ಬೇಕಿತ್ತು ಸಾರ್. ಹೆಸರಿನ ಕಾಲಂನಲ್ಲಿ ಸ್ವಲ್ಪ…”

“ಸಲ್ಲಿಸಿದ ಮೇಲೆ ತಿದ್ದುಪಡಿ ಇಲ್ಲ,” ಎಂದ ಗುಮಾಸ್ತ, ತಲೆ ಎತ್ತದೆ.

“ಆದ್ರೆ ಆಟಗಾರ ನಾನಲ್ಲ ಸಾರ್.”

“ಫಾರಂನಲ್ಲಿ ಏನಿದೆಯೋ ಅದೇ.”

“ನನಗೆ ಆಡೋಕೇ ಬರಲ್ಲ!”

“ಆಡೋಕೆ ಬರುತ್ತಾ ಅಂತ ಫಾರಂನಲ್ಲಿ ಕಾಲಂ ಇಲ್ಲ ಸಾರ್.”

ಇದೇ ಧಾಟಿಯ ಮೂರು ವಾಕ್ಯಗಳನ್ನು ಸ್ವತಃ ರಾಯರೇ ಮೂರನೇ ಕಿಟಕಿಯ ಹಿಂದೆ ಕೂತು ದಿನಕ್ಕೆ ಇಪ್ಪತ್ತು ಸಲದಂತೆ ಮೂವತ್ತೊಂದು ವರ್ಷ ಹೇಳಿದ್ದರು. ಮಾಡಿದ್ದುಣ್ಣೋ ಮಹಾರಾಯ. ಅವರಿಗೆ ಸಿಟ್ಟೂ ಬರಲಿಲ್ಲ. ಇಷ್ಟು ಚೆನ್ನಾಗಿ ಹೇಳುವವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಹೇಗೆ?

ಗುಮಾಸ್ತ ಕೊನೆಗೆ ಸ್ವಲ್ಪ ಕರಗಿ ದಾರಿ ಹೇಳಿದ. ರಾಯರು ಹಿಂದೆ ಸರಿಯಬಹುದು. ಸರಿದರೆ ಗೌರವ ಎರಡನೇ ಸ್ಥಾನದ ದೊಡ್ಡ ಕ್ಲಬ್ಬಿನ ಹುಡುಗನಿಗೆ ಹೋಗುತ್ತದೆ. ಸರಿಯದಿದ್ದರೆ, ಅಧ್ಯಕ್ಷರು ಒಪ್ಪಿದರೆ, ಸೋಮವಾರ ಎಂಟು ಗಂಟೆಗೆ ರಾಯರ ಮೊದಲ ಪಂದ್ಯ. “ಬಿಳಿ ಬಟ್ಟೆ ಕಡ್ಡಾಯ. ವಯಸ್ಸಿನ ಮಿತಿ ಇಲ್ಲ. ಆಂಬುಲೆನ್ಸ್ ಇರುತ್ತೆ.”

ಭಾನುವಾರ ಬೆಳಿಗ್ಗೆ ದೊಡ್ಡ ಕ್ಲಬ್ಬಿನ ಸಭಾಂಗಣದಲ್ಲಿ ಸಮಾರಂಭ. ಮುಂದಿನ ಸಾಲಿನ ಮೆತ್ತನೆ ಕುರ್ಚಿಗಳಲ್ಲಿ ಕ್ಲಬ್ಬಿನವರು, ಹಿಂದಿನ ಸಾಲುಗಳಲ್ಲಿ ನಮ್ಮ ಬೀದಿ ಪೂರ್ತಿ. ಕ್ಷೌರದವನು ಅಂಗಡಿಗೆ ಬೀಗ ಹಾಕಿ ಬಂದಿದ್ದ. ಹೆಡ್‌ಮೇಡಮ್ಮು ಭೂತಗನ್ನಡಿ ತಂದಿದ್ದರು. ಬೈಯಲು ಬಂದವರೂ ಇದ್ದರು, ನೋಡಲು ಬಂದವರೂ ಇದ್ದರು; ಆದರೆ ಒಬ್ಬರೂ ಮನೆಯಲ್ಲಿ ಉಳಿದಿರಲಿಲ್ಲ. ಎಡಚಿ ಅತ್ತೆಯ ಪಕ್ಕದಲ್ಲಿ, ಶಾಲೆಯ ಸಮವಸ್ತ್ರದಲ್ಲಿ ಕೂತಿದ್ದಳು.

ಸಂಘದ ಅಧ್ಯಕ್ಷೆ ಹಳೆಯ ಆಟಗಾರ್ತಿ. ಎಪ್ಪತ್ತು ದಾಟಿದ, ಬೆನ್ನು ಬಾಗದ ಹೆಂಗಸು. ಕಾರ್ಯದರ್ಶಿಗಳು ರಾಯರ ಹೆಸರು ಕೂಗಿ, ಅವರ ಮಂಡಿಯ ಬಗ್ಗೆ ನಾಲ್ಕು ಮಾತಾಡಿ ಕಣ್ಣೊರೆಸಿಕೊಂಡರು. ರಾಯರು ವೇದಿಕೆ ಹತ್ತಿದರು. ಮೈಕಿನ ಮುಂದೆ ನಿಂತು ಒಮ್ಮೆ ಕೆಮ್ಮಿದರು.

“ನಾನು ಆಟಗಾರ ಅಲ್ಲ,” ಎಂದರು. “ನಾನು ರ‍್ಯಾಕೆಟ್ ಹಿಡಿದಿದ್ದು ಬುಧವಾರ ಒಂದ್ಸಲ, ಫೋಟೋಗೆ. ಆ ಮಂಡಿ ನನ್ನದಲ್ಲ. ಆ ಗಣಿತಾನೂ ನನ್ನದಲ್ಲ. ಆಡಿದ್ದು ನಮ್ಮ ಹುಡುಗಿ. ನಾನು ಫಾರಂ ಓದದೇ ನನ್ನ ಹೆಸರು ಬರೆದೆ, ಅದನ್ನೇ ಎಲ್ಲಾರಿಗೂ ಹಂಚಿದೆ. ಇವರೆಲ್ಲ ನನ್ನ ನಂಬಿ ಸಹಿ ಹಾಕಿದ್ರು. ತಪ್ಪು ಇವರದಲ್ಲ, ನನ್ನದು. ಶಿಕ್ಷೆ ಅವಳಿಗೆ ಕೊಡಬೇಡಿ.”

ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕರು. ಹಿಂದಿನ ಸಾಲುಗಳಿಂದ ದರ್ಜಿ ಎದ್ದು ನಿಂತು ಆ ಕಡೆ ನೋಡಿದ, ನಗು ನಿಂತಿತು. ಕಾರ್ಯದರ್ಶಿಗಳು ತಮ್ಮ ಒದ್ದೆ ಕರವಸ್ತ್ರವನ್ನು ಏನು ಮಾಡುವುದೆಂದು ತಿಳಿಯದೆ ಜೇಬಿಗೆ ತುರುಕಿದರು.

“ನಿಯಮದ ಪ್ರಕಾರ…” ಎಂದು ಗುಮಾಸ್ತ ಶುರು ಮಾಡಿದ.

“ಆ ಫಾರಂ ಕಟ್ಟು ಇಲ್ಲಿ ತನ್ನಿ,” ಎಂದರು ಅಧ್ಯಕ್ಷೆ. “ಇದನ್ನ ಎಣಿಸಿದ್ದು ಯಾರು?”

“ನಾನೇ ಮೇಡಂ.”

“ಓದಿದ್ದು ಯಾರು?”

ಗುಮಾಸ್ತ ಕಾರ್ಯದರ್ಶಿಗಳನ್ನು ನೋಡಿದ. ಕಾರ್ಯದರ್ಶಿಗಳು ಸೂರು ನೋಡಿದರು. ಅಧ್ಯಕ್ಷೆ ಕನ್ನಡಕ ಏರಿಸಿ ನಾಲ್ಕನೇ ಕಾಲಂಗಳನ್ನು ಒಂದೊಂದಾಗಿ ಮೈಕಿನಲ್ಲೇ ಓದತೊಡಗಿದರು.

“‘ನಮ್ಮ ಎಡಚಿ ಹೊಡೆದ ಚೆಂಡು ನನ್ನ ಅಂಗಡಿಯ ಕನ್ನಡಿ ಒಡೆಯಿತು. ಯಾರದು ಎಂದು ನಾನು ಕೂಗುವ ಮೊದಲೇ ತಾನಾಗಿ ಬಂದು ನಾನೇ ಅಂದಳು. ಅರ್ಧ ಶೇವ್ ಆಗಿದ್ದ ಗಿರಾಕಿ ಇದಕ್ಕೆ ಸಾಕ್ಷಿ.’ ಸಹಿ, ಕ್ಷೌರದಂಗಡಿ.”

ಹಿಂದೆ ಕ್ಷೌರದವನು ಎದೆ ಸೆಟೆಸಿ ಕೂತ.

“‘ಮೂರು ಸಲ ಬಿಚ್ಚಿ ಹೊಲಿದ ಅದೇ ಬಿಳಿ ಲಂಗ ಹಾಕಿಕೊಂಡು ಫೈನಲ್ ಆಡಿದಳು. ಅವಳು ಎಷ್ಟು ಹಾರಿದರೂ ಹೊಲಿಗೆ ಬಿಡಲಿಲ್ಲ. ಹೊಲಿಗೆ ನನ್ನ ಹೆಮ್ಮೆ, ಮಿಕ್ಕಿದ್ದೆಲ್ಲ ಅವಳದು.’” ಅಧ್ಯಕ್ಷೆ ಇನ್ನೊಂದು ತೆಗೆದರು. “‘ಗಣಿತದಲ್ಲಿ ಮೂವತ್ತೈದು. ಆದರೆ ಸೆಮಿಫೈನಲ್‌ನಲ್ಲಿ ಅಂಪೈರ್ ಔಟ್ ಅಂದ ಚೆಂಡನ್ನು ಇವಳೇ ಗೆರೆಯ ಮೇಲೆ ಬಿದ್ದಿದೆ ಎಂದು ಹೇಳಿ ಎದುರಾಳಿಗೆ ಅಂಕ ಕೊಡಿಸಿದಳು. ನಡತೆಗೆ ನೂರಕ್ಕೆ ನೂರು.’”

ಹೀಗೆ ಹತ್ತು, ಇಪ್ಪತ್ತು, ಮೂವತ್ತು. ಔಷಧಿ ಅಂಗಡಿಯವನದು, ಬಸ್ ಕಂಡಕ್ಟರನದು, ಟ್ಯಾಂಕಿನ ಕಾವಲುಗಾರನದು. ಒಂದೊಂದು ಓದಿದಾಗಲೂ ಹಿಂದಿನ ಸಾಲುಗಳಲ್ಲಿ ಒಬ್ಬೊಬ್ಬರ ಬೆನ್ನು ನೆಟ್ಟಗಾಗುತ್ತಿತ್ತು. ಎಡಚಿ ತಲೆ ತಗ್ಗಿಸಿ ಕೂತಿದ್ದಳು. ಅವಳ ಕಿವಿ ಕೆಂಪಾಗಿತ್ತು. ತನ್ನ ಬಗ್ಗೆ ಬೀದಿಗೆ ಇಷ್ಟೆಲ್ಲ ಗೊತ್ತಿದೆ ಎಂದು ಅವಳಿಗೆ ಗೊತ್ತಿರಲಿಲ್ಲ.

ಅಧ್ಯಕ್ಷೆ ಕಟ್ಟನ್ನು ಕೆಳಗಿಟ್ಟರು. “ಹೆಸರಿನ ಕಾಲಂ ತುಂಬಿದ್ದು ಒಬ್ಬ ಮನುಷ್ಯ. ಕಾರಣದ ಕಾಲಂ ತುಂಬಿದ್ದು ಇನ್ನೂರ ಹದಿನಾಲ್ಕು ಜನ. ಅಭಿಮಾನಿಗಳು ಹೇಳಿದ್ದನ್ನ ಕೇಳ್ತೀವಿ ಅಂತ ನಾವೇ ಬರೆದಿದ್ದೀವಿ. ಕೇಳಿದ್ದಾಯ್ತು. ಈ ತಿಂಗಳ ಆಟಗಾರ್ತಿ ಆ ಹುಡುಗಿ. ಸೋಮವಾರ ಎಂಟು ಗಂಟೆಗೆ ಅವಳೇ ಆಡ್ತಾಳೆ. ನಿಯಮಕ್ಕೆ ನಾನು ಉತ್ತರ ಕೊಡ್ತೀನಿ.”

ಸಭಾಂಗಣದ ಗಾಜುಗಳು ಗಡಗಡ ಅಂದವು. ಕ್ಷೌರದವನು ಶಿಳ್ಳೆ ಹೊಡೆದ. ಹೆಡ್‌ಮೇಡಮ್ಮು ಕೂಡ ಶಿಳ್ಳೆ ಹೊಡೆದರು ಎಂದು ಕೆಲವರು ಹೇಳುತ್ತಾರೆ, ಅವರು ಒಪ್ಪುವುದಿಲ್ಲ. ಎಡಚಿಯನ್ನು ಜನ ಹೆಚ್ಚುಕಡಿಮೆ ಎತ್ತಿಕೊಂಡೇ ವೇದಿಕೆಗೆ ತಲುಪಿಸಿದರು.

ಅಷ್ಟರಲ್ಲಿ ಅಧ್ಯಕ್ಷೆಯ ಕೈ ಕಟ್ಟಿನ ತಳದಲ್ಲಿದ್ದ ಒಂದು ಹಾಳೆಯ ಮೇಲೆ ನಿಂತಿತು. ಅದು ಝೆರಾಕ್ಸ್ ಅಲ್ಲ. ಮೊದಲ ಕಾಲಂನಿಂದ ಕೊನೆಯ ತನಕ ಕೈಯಲ್ಲೇ ಬರೆದದ್ದು. ಅಕ್ಷರಗಳೆಲ್ಲ ಎಡಕ್ಕೆ ವಾಲಿದ್ದವು.

“ಇದರಲ್ಲೂ ಹೆಸರು ನಿಮ್ಮದೇ ಇದೆ,” ಎಂದರು ರಾಯರಿಗೆ. ಆಮೇಲೆ ಹುಡುಗಿಯ ಕಡೆ ತಿರುಗಿದರು. “ಇದು ನಿನ್ನ ಸಹಿ ಅಲ್ವಾ? ಫಾರಂ ತಪ್ಪಾಗಿದೆ ಅಂತ ನಿನಗೆ ಗೊತ್ತಿತ್ತಾ?”

“ಶನಿವಾರ ನೋಡಿದೆ ಮೇಡಂ. ಅಷ್ಟೊತ್ತಿಗೆ ಕಟ್ಟು ಸೈಕಲ್ ಮೇಲಿತ್ತು. ಮಾವ ಬೀದಿ ತುಂಬಾ ಎಲ್ಲಾರಿಗೂ ಹೇಳ್ಕೊಂಡು ಓಡಾಡ್ತಿದ್ರು. ಅವರನ್ನ ಅಷ್ಟು ಖುಷಿಯಾಗಿ ನಾನು ನೋಡೇ ಇರ್ಲಿಲ್ಲ. ಅದಕ್ಕೆ ಹೇಳ್ಲಿಲ್ಲ. ಸಂಘಕ್ಕೆ ಹೋಗಿ ಬೇರೆ ಫಾರಂ ಇಸ್ಕೊಂಡು ನಾನೂ ಒಂದು ಹಾಕಿದೆ.”

“ಓದ್ಲಾ?”

ಎಡಚಿ ಬೇಡವೆಂದು ತಲೆಯಾಡಿಸುವುದರೊಳಗೆ ಅಧ್ಯಕ್ಷೆ ಓದಿದರು.

“‘ನಾನು ಆಡುವುದನ್ನು ಎಲ್ಲರೂ ನೋಡಿದ್ದಾರೆ. ಐದು ವರ್ಷದಿಂದ ನೆಟ್ಟಿನ ಆಚೆ ನಿಂತು ನನಗೆ ದಿನಾ ಇನ್ನೂರು ಚೆಂಡು ಎಸೆದದ್ದು ನಮ್ಮ ಮಾವ. ನಮ್ಮ ಕೋರ್ಟಿನಲ್ಲಿ ಕೋಚ್ ಇಲ್ಲ. ಮಾವನಿಗೆ ಆಟ ಬರುವುದಿಲ್ಲ. ಅವರು ಎಸೆದ ಚೆಂಡು ಎತ್ತ ಹೋಗುತ್ತದೆ ಎಂದು ಅವರಿಗೇ ಗೊತ್ತಿರುವುದಿಲ್ಲ. ಅದಕ್ಕೇ ಈಗ ಯಾರು ಎತ್ತ ಹೊಡೆದರೂ ನನಗೆ ಸಿಕ್ಕುತ್ತದೆ. ಟೂರ್ನಿಯಲ್ಲಿ ನನ್ನ ಎದುರು ಆಡಿದವರೆಲ್ಲ ನಮ್ಮ ಮಾವನಿಗಿಂತ ಸುಲಭ.’”

ಕಾರ್ಯದರ್ಶಿಗಳು ಮತ್ತೆ ಕರವಸ್ತ್ರ ಹುಡುಕಿದರು.

ರಾಯರು ಮೈಕಿನ ಹತ್ತಿರ ಬಂದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಅದನ್ನು ಒರೆಸಿಕೊಳ್ಳಬೇಕೆಂದೂ ಅವರಿಗೆ ತೋಚಲಿಲ್ಲ. ಕೊನೆಗೆ ಎಡಚಿಯ ಹೆಗಲ ಮೇಲೆ ಕೈ ಇಟ್ಟು, ಎದೆಯುಬ್ಬಿಸಿ, ಮುಂದಿನ ಸಾಲಿನ ಮೆತ್ತನೆ ಕುರ್ಚಿಗಳನ್ನೆಲ್ಲ ಒಮ್ಮೆ ನೋಡಿದರು.

“ಕೇಳಿಸ್ಕೊಂಡ್ರಲ್ಲಾ?” ಎಂದರು, ಸಭಾಂಗಣದಾಚೆಗೂ ಕೇಳುವಷ್ಟು ಜೋರಾಗಿ. “ನೀವೆಲ್ಲಾ ನನಗಿಂತ ಸುಲಭವಂತೆ!”